ಕೇದಾರನಾಥ ಕಾಲ್ನಡಿಗೆ ಯಾತ್ರೆ: ಜರ್ಕಿನ್ ಹಾಗೂ ಪದರ ಉಡುಪುಗಳ ಆಯ್ಕೆ ಕುರಿತು ಯಾತ್ರಾರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಚಾರ್‌ಧಾಮ ಯಾತ್ರೆಯ ಸಹಾಯಧನ ಕೋರಿ ಅರ್ಜಿ ಸಲ್ಲಿಸುವ ಹಾಗೂ ಸ್ವಂತ ಖರ್ಚಿನಲ್ಲಿ ಯಾತ್ರೆ ಕೈಗೊಳ್ಳುವ ರಾಜ್ಯದ ನಾಗರಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ನಾಲ್ಕು ಧಾಮಗಳ ಪೈಕಿ ಅತಿ ದೀರ್ಘವಾದ ಕಾಲ್ನಡಿಗೆ ಇರುವುದು ಶ್ರೀ ಕೇದಾರನಾಥ ಕ್ಷೇತ್ರಕ್ಕೆ. ಆದುದರಿಂದ ಇಲ್ಲಿ ಆ ಮಾರ್ಗವನ್ನೇ ಮುಖ್ಯವಾಗಿ ಪರಿಗಣಿಸಲಾಗಿದೆ. ಜಾನಕಿಚಟ್ಟಿಯಿಂದ ಯಮುನೋತ್ರಿಗೆ ನಡೆದು ಹೋಗುವವರಿಗೂ ಇದೇ ಸಲಹೆಗಳು ಅನ್ವಯಿಸುತ್ತವೆ.

ಉಖೀಮಠದ ಕೇದಾರ ಪೀಠವು ವೀರಶೈವ ಪಂಚಪೀಠಗಳಲ್ಲಿ ಒಂದಾಗಿದ್ದು, ಈ ಕ್ಷೇತ್ರದೊಂದಿಗೆ ಕನ್ನಡ ನಾಡಿನ ಭಕ್ತರ ಸಂಬಂಧ ಬಹು ಹಳೆಯದು. ದೇವಾಲಯದ ಬಾಗಿಲು ತೆರೆಯುವ ದಿನವನ್ನು ಪ್ರತಿ ವರ್ಷ ಮಹಾಶಿವರಾತ್ರಿಯಂದು ಉಖೀಮಠದಲ್ಲಿ ಪ್ರಕಟಿಸಲಾಗುತ್ತದೆ. ಸಾಮಾನ್ಯವಾಗಿ ಏಪ್ರಿಲ್ ಕೊನೆಯ ವಾರದಿಂದ ಮೇ ಮೊದಲ ಪಕ್ಷದೊಳಗೆ, ಅಂದರೆ ವೈಶಾಖ ಮಾಸದ ಆಸುಪಾಸಿನಲ್ಲಿ ಬಾಗಿಲು ತೆರೆಯುತ್ತದೆ. 2023ರಲ್ಲಿ ಏಪ್ರಿಲ್ 25ರಂದು, 2024ರಲ್ಲಿ ಮೇ 10ರಂದು ಮತ್ತು 2025ರಲ್ಲಿ ಮೇ 2ರಂದು ಬಾಗಿಲು ತೆರೆಯಲಾಯಿತು.

ಪಂಚಾಂಗದ ಪ್ರಕಾರ ಇದು ವಸಂತ ಋತು. ನಮ್ಮ ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿ ಆಗ ಕಡು ಬೇಸಿಗೆ. ಕಲಬುರಗಿ, ರಾಯಚೂರುಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ರೈಲು ಹತ್ತುವ ಯಾತ್ರಾರ್ಥಿಗೆ ಚಳಿಯ ಉಡುಪಿನ ಯೋಚನೆಯೇ ಬರುವುದಿಲ್ಲ. ಬಂದರೂ, ಇರುವುದರಲ್ಲಿ ಅತ್ಯಂತ ದಪ್ಪನಾದ ಒಂದು ಸ್ವೆಟರ್ ಅಥವಾ ಜರ್ಕಿನ್ ತೆಗೆದುಕೊಂಡರೆ ಸಾಕೆಂಬ ಭಾವನೆ ಸಾಮಾನ್ಯ. ಈ ಭಾವನೆ ಸರಿಯಲ್ಲವೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಒಂದು ದಪ್ಪ ಉಡುಪಿಗಿಂತ ಮೂರು ತೆಳು ಪದರಗಳು ಹೆಚ್ಚು ರಕ್ಷಣೆ ನೀಡುತ್ತವೆ. ಹಾಗೂ ಮೈ ಬೆಚ್ಚಗಿರಬೇಕಾದರೆ ಮೊದಲು ಅದು ಒಣಗಿರಬೇಕು.

2. ಮಾರ್ಗ ಮತ್ತು ಹವಾಮಾನ

ವಾಹನಗಳಲ್ಲಿ ಗೌರಿಕುಂಡದವರೆಗೆ ಹೋಗಬಹುದು. ಅಲ್ಲಿಂದ ಮುಂದೆ ನಡಿಗೆ. 2013ರ ಜೂನ್ ತಿಂಗಳ ಮಹಾಪ್ರವಾಹದಲ್ಲಿ ರಾಮಬಾಡಾ ಎಂಬ ತಂಗುದಾಣವೂ ಹಳೆಯ ಮಾರ್ಗದ ಒಂದು ಭಾಗವೂ ಕೊಚ್ಚಿಹೋದ ನಂತರ ಮಂದಾಕಿನಿ ನದಿಯ ಆಚೆಯ ದಡದಲ್ಲಿ ಹೊಸ ದಾರಿಯನ್ನು ನಿರ್ಮಿಸಲಾಯಿತು. ಜಂಗಲ್ ಚಟ್ಟಿ, ಭೀಮಬಲಿ, ಲಿಂಚೋಲಿ ಮೂಲಕ ಸಾಗುವ ಈಗಿನ ದಾರಿಯ ಉದ್ದ ಸುಮಾರು 16 ಕಿಲೋಮೀಟರ್. ಸಾಮಾನ್ಯ ಆರೋಗ್ಯವುಳ್ಳವರಿಗೆ ಹತ್ತಲು ಆರರಿಂದ ಎಂಟು ಗಂಟೆ ಬೇಕು. ಹಿರಿಯರಿಗೆ ಇನ್ನೂ ಹೆಚ್ಚು ಸಮಯ ತಗಲುತ್ತದೆ.

ಗೌರಿಕುಂಡದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,980 ಮೀಟರ್. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂದರೆ ಕರ್ನಾಟಕದಲ್ಲಿ ಹತ್ತಬಹುದಾದ ಎತ್ತರವೆಲ್ಲ ಮುಗಿದ ಮೇಲೆ ಕೇದಾರದ ನಡಿಗೆ ಪ್ರಾರಂಭವಾಗುತ್ತದೆ. ದೇವಾಲಯವಿರುವುದು 3,583 ಮೀಟರ್ ಎತ್ತರದಲ್ಲಿ. ಒಂದೇ ದಿನದಲ್ಲಿ ಯಾತ್ರಾರ್ಥಿಯು ಸುಮಾರು 1,600 ಮೀಟರ್ ಮೇಲಕ್ಕೆ ಹೋಗುತ್ತಾನೆ.

ಪ್ರತಿ 1,000 ಮೀಟರ್ ಎತ್ತರಕ್ಕೆ ಗಾಳಿಯ ಉಷ್ಣಾಂಶ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಈ ಲೆಕ್ಕದಲ್ಲಿ ಗೌರಿಕುಂಡಕ್ಕಿಂತ ಕೇದಾರವು ಸುಮಾರು 10 ಡಿಗ್ರಿ ಹೆಚ್ಚು ತಂಪು. ಮೇ ತಿಂಗಳಲ್ಲಿಯೂ ಅಲ್ಲಿ ರಾತ್ರಿಯ ಉಷ್ಣಾಂಶ ಶೂನ್ಯದ ಸಮೀಪಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಕ್ಕೆ ಹೋಗುತ್ತದೆ. ಬೆಳಿಗ್ಗೆ ಬಿಸಿಲಿದ್ದು, ಮಧ್ಯಾಹ್ನದ ನಂತರ ಮೋಡ ಕವಿದು ಮಳೆ, ಆಲಿಕಲ್ಲು ಅಥವಾ ಹಿಮ ಬೀಳುವುದು ಅಲ್ಲಿ ಸಾಮಾನ್ಯ. 2023ರಲ್ಲಿ ಬಾಗಿಲು ತೆರೆದ ದಿನಗಳಲ್ಲಿಯೇ ಹಿಮಪಾತದ ಕಾರಣ ಕೇದಾರನಾಥಕ್ಕೆ ಹೊಸ ನೋಂದಣಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿತ್ತು.

ಬೇಸಿಗೆ ಎಂಬ ಭರವಸೆ ಹಿಮಾಲಯದಲ್ಲಿ ನಡೆಯುವುದಿಲ್ಲವೆಂಬುದಕ್ಕೆ ನಮ್ಮ ರಾಜ್ಯಕ್ಕೆ ನೋವಿನ ನೆನಪೊಂದಿದೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿ ಜಿಲ್ಲೆಯ ಸಹಸ್ತ್ರತಾಲ್ ಚಾರಣ ಮಾರ್ಗದಲ್ಲಿ ಹಿಮಗಾಳಿಗೆ ಸಿಲುಕಿ ಕರ್ನಾಟಕದ ಒಂಬತ್ತು ಮಂದಿ ಚಾರಣಿಗರು ಪ್ರಾಣ ಕಳೆದುಕೊಂಡರು. ಆ ಮಾರ್ಗವು ಕೇದಾರ ಮಾರ್ಗಕ್ಕಿಂತ ಎತ್ತರವಾದುದು ಮತ್ತು ನಿರ್ಜನವಾದುದು. ಕೇದಾರ ಮಾರ್ಗದಲ್ಲಿ ಅಂಗಡಿ, ತಂಗುದಾಣ, ವೈದ್ಯಕೀಯ ಶಿಬಿರಗಳಿವೆ. ಆದರೆ ಎರಡೂ ಕಡೆ ಬೀಸುವ ಗಾಳಿ ಒಂದೇ ಪರ್ವತ ಶ್ರೇಣಿಯದು ಎಂಬುದನ್ನು ಯಾತ್ರಾರ್ಥಿಗಳು ಮರೆಯಬಾರದು.

3. ಮೈ ತಂಪಾಗುವ ಬಗೆ

ಉಡುಪನ್ನು ಆಯ್ಕೆ ಮಾಡುವ ಮೊದಲು ಮೈಯ ಶಾಖ ಹೇಗೆ ನಷ್ಟವಾಗುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದು.

(ಅ) ಬೆವರು: ಕಡಿದಾದ ದಾರಿಯನ್ನು ಹತ್ತುವಾಗ ಚಳಿಯಲ್ಲಿಯೂ ಬೆವರು ಬರುತ್ತದೆ. ದಪ್ಪ ಜರ್ಕಿನ್ ಧರಿಸಿ ಹತ್ತಿದರೆ ಒಳಗಿನ ಬಟ್ಟೆ ಒಂದು ಗಂಟೆಯೊಳಗೆ ತೊಯ್ಯುತ್ತದೆ. ನಿಂತ ಕೂಡಲೇ ಆ ತೇವವೇ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ.

(ಆ) ಮಳೆ ಮತ್ತು ಹಿಮ: ಹೊರಗಿನಿಂದ ಬಂದ ನೀರು ಒಳಗಿನ ಉಣ್ಣೆಯವರೆಗೆ ಇಳಿದರೆ ಉಡುಪು ಎಷ್ಟೇ ದಪ್ಪವಿದ್ದರೂ ಪ್ರಯೋಜನವಿಲ್ಲ.

(ಇ) ಗಾಳಿ: ಮೈಯ ಸುತ್ತ ಬೆಚ್ಚಗಿರುವ ಗಾಳಿಯ ಪದರವನ್ನು ಬೀಸುಗಾಳಿಯು ಹೊತ್ತೊಯ್ಯುತ್ತದೆ. ಲಿಂಚೋಲಿಯ ಮೇಲೆ ಮರಗಳ ಆಸರೆ ಇಲ್ಲದಿರುವುದರಿಂದ ಗಾಳಿ ನೇರವಾಗಿ ಬಡಿಯುತ್ತದೆ.

ಉಡುಪು ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ಮೈ ಉತ್ಪಾದಿಸಿದ ಶಾಖವನ್ನು ನೂಲಿನ ನಡುವೆ ಹಾಗೂ ಪದರಗಳ ನಡುವೆ ಸಿಕ್ಕಿದ ಒಣ ಗಾಳಿಯಲ್ಲಿ ಹಿಡಿದಿಡುತ್ತದೆ. ಮಲೆನಾಡಿನ ರೈತರು ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದುದರ ಹಿಂದೆಯೂ ಇದೇ ತಿಳಿವಳಿಕೆ ಇದೆ. ಕುರಿಯ ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿನ ಗುಣವನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ. ಆದರೆ ತೊಯ್ದ ಕಂಬಳಿಯ ಭಾರವನ್ನು 16 ಕಿಲೋಮೀಟರ್ ಹೊತ್ತು ಹತ್ತಲು ಸಾಧ್ಯವಿಲ್ಲವಾದುದರಿಂದ, ಅದೇ ಕೆಲಸವನ್ನು ಮೂರು ಹಗುರ ಉಡುಪುಗಳಿಗೆ ಹಂಚಬೇಕಾಗುತ್ತದೆ.

4. ಮೂರು ಪದರಗಳು

4.1 ಒಳಪದರ (ಮೈಗೆ ತಾಗುವ ಉಡುಪು)

ಬೆವರನ್ನು ಚರ್ಮದಿಂದ ದೂರ ಸಾಗಿಸಿ ಬೇಗ ಒಣಗುವುದು ಈ ಪದರದ ಕೆಲಸ. ಅಂಗಡಿಗಳಲ್ಲಿ ಥರ್ಮಲ್ ಎಂಬ ಹೆಸರಿನಲ್ಲಿ ದೊರೆಯುವ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯ ಉದ್ದ ತೋಳಿನ ಅಂಗಿ ಮತ್ತು ಉದ್ದ ಕಾಲಿನ ಒಳ ಪ್ಯಾಂಟು ಸೂಕ್ತ. ಇದು ಮೈಗೆ ಅಂಟಿಕೊಂಡಂತಿರಬೇಕು, ಬಿಗಿಯಾಗಿರಬಾರದು.

ಹತ್ತಿಯ ಬನಿಯನ್ ಮತ್ತು ಹತ್ತಿಯ ಅಂಗಿಯನ್ನು ನಡಿಗೆಯಲ್ಲಿ ಧರಿಸಬಾರದು. ನಮ್ಮ ಬೇಸಿಗೆಗೆ ಹಿತವಾದ ಹತ್ತಿಯ ಗುಣವೇ ಅಲ್ಲಿ ಅಪಾಯಕ್ಕೆ ಕಾರಣ. ಹತ್ತಿಯು ಬೆವರನ್ನು ಹೀರಿ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ, ತಂಪು ಹವೆಯಲ್ಲಿ ಬಹಳ ಹೊತ್ತು ಒಣಗುವುದಿಲ್ಲ. ಥರ್ಮಲ್ ಎಂದು ಬರೆದಿದ್ದರೂ ಕೆಲವು ಉಡುಪುಗಳಲ್ಲಿ ಹತ್ತಿಯೇ ಹೆಚ್ಚಿರುತ್ತದೆ. ಆದುದರಿಂದ ಒಳಗಿನ ಪಟ್ಟಿಯಲ್ಲಿ ಮುದ್ರಿಸಿರುವ ನೂಲಿನ ವಿವರವನ್ನು ಓದಿ ಖರೀದಿಸತಕ್ಕದ್ದು. ಥರ್ಮಲ್ ಕೊಳ್ಳಲು ಅನುಕೂಲವಿಲ್ಲದವರು ಕ್ರೀಡಾಪಟುಗಳು ಧರಿಸುವ ಪಾಲಿಯೆಸ್ಟರ್ ಟೀ ಶರ್ಟ್ ಬಳಸಬಹುದು.

ಒಳಪದರದ ಎರಡು ಜೊತೆ ಅವಶ್ಯ. ಒಂದು ನಡಿಗೆಗೆ, ಇನ್ನೊಂದು ಕೇದಾರ ತಲುಪಿದ ಮೇಲೆ ಬದಲಾಯಿಸಲು. ಎರಡನೆಯ ಜೊತೆಯನ್ನು ಯಾವ ಕಾರಣಕ್ಕೂ ದಾರಿಯಲ್ಲಿ ಧರಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಒಣದಾಗಿ ಕಾಪಾಡಬೇಕು.

4.2 ನಡುಪದರ (ಬೆಚ್ಚಗಿಡುವ ಉಡುಪು)

ಮೈಯ ಶಾಖವನ್ನು ಹಿಡಿದಿಡುವುದು ಇದರ ಕೆಲಸ. ಕೆಳಗಿನವುಗಳಲ್ಲಿ ಯಾವುದನ್ನಾದರೂ ಆಯ್ಕೆ ಮಾಡಬಹುದು.

(ಅ) ಫ್ಲೀಸ್ ಅಂಗಿ: ಹಗುರ. ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ, ಬೇಗ ಒಣಗುತ್ತದೆ. ಗಾಳಿಯನ್ನು ತಡೆಯುವುದಿಲ್ಲ. ನಡೆಯುವಾಗ ಧರಿಸಲು ಇದು ಅತ್ಯಂತ ಸೂಕ್ತ.

(ಆ) ಉಣ್ಣೆಯ ಸ್ವೆಟರ್: ಮನೆಯಲ್ಲಿರುವ ಶುದ್ಧ ಉಣ್ಣೆಯ ಸ್ವೆಟರ್ ಫ್ಲೀಸ್‌ನ ಬದಲು ಸಲ್ಲುತ್ತದೆ. ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಭಾರ ಸ್ವಲ್ಪ ಹೆಚ್ಚು, ಒಣಗಲು ಸಮಯ ಬೇಕು.

(ಇ) ಕೃತಕ ನಾರು ತುಂಬಿದ ಜರ್ಕಿನ್: ನಿಂತಾಗ, ಕುಳಿತಾಗ ಮತ್ತು ರಾತ್ರಿ ಬಳಸಲು ಉತ್ತಮ. ತೇವವನ್ನು ತಕ್ಕಮಟ್ಟಿಗೆ ಸಹಿಸುತ್ತದೆ.

(ಈ) ಪಕ್ಷಿಗಳ ಮೃದುವಾದ ಗರಿ ತುಂಬಿದ, ಡೌನ್ ಜಾಕೆಟ್ ಎಂದು ಕರೆಯಲಾಗುವ ಜರ್ಕಿನ್: ತೂಕಕ್ಕೆ ಹೋಲಿಸಿದರೆ ಅತ್ಯಂತ ಬೆಚ್ಚಗಿನದು. ಆದರೆ ಒದ್ದೆಯಾದರೆ ಗರಿಗಳು ಮುದ್ದೆಗಟ್ಟಿ ಬಹುಮಟ್ಟಿಗೆ ನಿಷ್ಪ್ರಯೋಜಕವಾಗುತ್ತದೆ. ಇದನ್ನು ಮಳೆಯಲ್ಲಿ ನಡೆಯುವಾಗ ಧರಿಸಬಾರದು. ಚೀಲದೊಳಗೆ ಒಣದಾಗಿಟ್ಟು, ತಂಗುವ ಸ್ಥಳದಲ್ಲಿ ಧರಿಸಬೇಕು.

ಕೇದಾರದಲ್ಲಿ ರಾತ್ರಿ ತಂಗುವವರು (ಅ) ಅಥವಾ (ಆ) ಪೈಕಿ ಒಂದು, (ಇ) ಅಥವಾ (ಈ) ಪೈಕಿ ಒಂದು, ಹೀಗೆ ಎರಡು ನಡುಪದರ ಉಡುಪುಗಳನ್ನು ಒಯ್ಯುವುದು ಸೂಕ್ತ.

4.3 ಹೊರಪದರ (ಗಾಳಿ, ಮಳೆ, ಹಿಮ ತಡೆಯುವ ಉಡುಪು)

ಈ ಪದರದ ಆಯ್ಕೆಯಲ್ಲಿಯೇ ಅತಿ ಹೆಚ್ಚು ತಪ್ಪುಗಳಾಗುತ್ತವೆ. ವಿಂಡ್‌ಚೀಟರ್ ಎಂದು ಮಾರಲಾಗುವ ಉಡುಪು ಗಾಳಿಯನ್ನು ತಡೆಯುತ್ತದೆ. ತುಂತುರು ಹನಿಯನ್ನು ಕೆಲವು ನಿಮಿಷ ತಡೆಯುತ್ತದೆ. ಜಡಿಮಳೆಯನ್ನು ತಡೆಯುವುದಿಲ್ಲ. ಹಾಗೆಯೇ ನೀರು ಜಾರುವ ಲೇಪನವಿರುವ ಬಟ್ಟೆಯೂ ಪೂರ್ಣ ಜಲನಿರೋಧಕ ಬಟ್ಟೆಯೂ ಒಂದೇ ಅಲ್ಲ. ಕೇದಾರ ಮಾರ್ಗಕ್ಕೆ ಪೂರ್ಣ ಜಲನಿರೋಧಕವಾದ, ತಲೆಮುಸುಕು ಇರುವ ರೇನ್‌ಕೋಟ್ ಮತ್ತು ಅದೇ ಬಗೆಯ ಪ್ಯಾಂಟು ಅವಶ್ಯ.

ಪೂರ್ಣ ಪ್ಲಾಸ್ಟಿಕ್ ರೇನ್‌ಕೋಟ್‌ಗಳು ನೀರನ್ನು ಚೆನ್ನಾಗಿ ತಡೆಯುತ್ತವೆ, ಆದರೆ ಒಳಗಿನ ಬೆವರಿನ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಇವುಗಳನ್ನು ಬಳಸುವವರು ಮಳೆ ನಿಂತ ಕೂಡಲೇ ತೆಗೆಯಬೇಕು. ಮೈಮೇಲೆ ಸಡಿಲವಾಗಿ ಇಳಿಬೀಳುವ ಪಾಂಚೋ ಮಾದರಿಯದು ಚೀಲವನ್ನೂ ಮುಚ್ಚುತ್ತದೆ, ಗಾಳಿಯಾಡಲೂ ಅವಕಾಶವಿರುತ್ತದೆ. ಆದರೆ ಬಿರುಗಾಳಿಗೆ ಹಾರಿ ಕಾಲಿಗೆ ತೊಡರುವುದರಿಂದ ಸೊಂಟಕ್ಕೆ ದಾರ ಕಟ್ಟಿಕೊಳ್ಳಬೇಕು. ಆವಿಯನ್ನು ಹೊರಬಿಡುವ ಜಲನಿರೋಧಕ ಜಾಕೆಟ್‌ಗಳ ಬೆಲೆ ಹೆಚ್ಚು. ಅನುಕೂಲವಿದ್ದವರು ಅವುಗಳನ್ನು ಕೊಳ್ಳಬಹುದು. ಇಲ್ಲದವರು ಒಳ್ಳೆಯ ರೇನ್‌ಕೋಟ್‌ನಿಂದಲೂ ಯಾತ್ರೆಯನ್ನು ಸುರಕ್ಷಿತವಾಗಿ ಪೂರೈಸಬಹುದು.

ಕೊಡೆಯನ್ನು ಹೊರಪದರಕ್ಕೆ ಬದಲಿ ಎಂದು ಪರಿಗಣಿಸಬಾರದು. ಗಾಳಿಗೆ ಅದು ನಿಲ್ಲುವುದಿಲ್ಲ. ಕುದುರೆಗಳು ಓಡಾಡುವ ಇಕ್ಕಟ್ಟಾದ ದಾರಿಯಲ್ಲಿ ಒಂದು ಕೈ ಊರುಗೋಲಿಗೂ ಇನ್ನೊಂದು ಕೈ ಆಸರೆಗೂ ಬಿಡುವಾಗಿರಬೇಕು.

5. ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು

(1) ಅಳತೆ: ಹೊರಪದರವನ್ನು ಒಳಪದರ ಹಾಗೂ ಸ್ವೆಟರ್ ಧರಿಸಿಕೊಂಡೇ ಹಾಕಿ ನೋಡಬೇಕು. ಎರಡೂ ಕೈಗಳನ್ನು ಮೇಲಕ್ಕೆತ್ತಿದಾಗ ಸೊಂಟ ತೆರೆದುಕೊಳ್ಳಬಾರದು. ಬಿಗಿಯಾದ ಹೊರಪದರವು ಒಳಗಿನ ಗಾಳಿಯ ಪದರವನ್ನು ಒತ್ತಿಹಾಕುವುದರಿಂದ ಬೆಚ್ಚಗಿನ ಗುಣ ಕಡಿಮೆಯಾಗುತ್ತದೆ.

(2) ಹೊಲಿಗೆ: ನೀರು ಸಾಮಾನ್ಯವಾಗಿ ಬಟ್ಟೆಯ ಮೂಲಕ ಬರುವುದಿಲ್ಲ, ಸೂಜಿಯ ರಂಧ್ರಗಳ ಮೂಲಕ ಬರುತ್ತದೆ. ಜರ್ಕಿನ್‌ನ ಒಳಭಾಗವನ್ನು ತಿರುವಿ ನೋಡಿ, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿರುವುದನ್ನು ಖಚಿತಪಡಿಸಿಕೊಳ್ಳಬೇಕು.

(3) ಜಿಪ್ಪು: ಎದುರಿನ ಜಿಪ್ಪಿನ ಮೇಲೆ ಮುಚ್ಚುವ ಪಟ್ಟಿ ಇರಬೇಕು. ಕೈಗವಸು ಧರಿಸಿದಾಗಲೂ ಎಳೆಯಲು ಸಾಧ್ಯವಾಗುವಂತೆ ಜಿಪ್ಪಿನ ತುದಿಗೆ ದಾರ ಕಟ್ಟುವುದು ಒಳ್ಳೆಯದು. ಕತ್ತಿನವರೆಗೆ ತೆರೆದು ಮುಚ್ಚಬಹುದಾದ ಜಿಪ್ಪು, ತಲೆಯಿಂದ ಹಾಕಿಕೊಳ್ಳುವ ಉಡುಪಿಗಿಂತ ಅನುಕೂಲ.

(4) ತಲೆಮುಸುಕು: ದಾರ ಎಳೆದಾಗ ಮುಖಕ್ಕೆ ಹೊಂದಿಕೊಳ್ಳಬೇಕು. ತಲೆ ತಿರುಗಿಸಿದಾಗ ಕಣ್ಣಿಗೆ ಅಡ್ಡ ಬರಬಾರದು.

(5) ಬಣ್ಣ: ಮಂಜು ಕವಿದಾಗ ಜೊತೆಗಾರರಿಗೆ ಹಾಗೂ ರಕ್ಷಣಾ ಸಿಬ್ಬಂದಿಗೆ ಕಾಣುವಂತೆ ಕೆಂಪು, ಕಿತ್ತಳೆ, ಹಳದಿ ಮುಂತಾದ ಗಾಢ ಬಣ್ಣಗಳು ಉತ್ತಮ.

(6) ಮನೆಯಲ್ಲಿ ಪರೀಕ್ಷೆ: ಜೇಬುಗಳಲ್ಲಿ ಒಣ ಕಾಗದವಿಟ್ಟು, ಜರ್ಕಿನ್ ಧರಿಸಿ, ಸ್ನಾನದ ಮನೆಯಲ್ಲಿ ಹತ್ತು ನಿಮಿಷ ನೀರು ಸುರಿಸಿಕೊಂಡು ನೋಡಬೇಕು. ಭುಜ, ಕಂಕುಳು ಮತ್ತು ಜೇಬಿನ ಕಾಗದ ಒಣಗಿದ್ದರೆ ಮಾತ್ರ ಅದನ್ನು ಯಾತ್ರೆಗೆ ಒಯ್ಯಬೇಕು. ಅಂಗಡಿಯಲ್ಲಿ ಮರಳಿಸಲು ಅವಕಾಶವಿರುವ ಅವಧಿಯೊಳಗೆ ಈ ಪರೀಕ್ಷೆ ಮಾಡುವುದು ಜಾಣತನ.

(7) ನಡಿಗೆಯ ಪರೀಕ್ಷೆ: ಕೊಂಡ ಉಡುಪು ಮತ್ತು ಬೂಟುಗಳನ್ನು ಧರಿಸಿ, ಚೀಲ ಹೊತ್ತು, ಯಾತ್ರೆಗೆ ಮೊದಲು ಕೆಲವು ಬಾರಿಯಾದರೂ ಬೆಟ್ಟ ಹತ್ತಬೇಕು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳು, ಬೆಂಗಳೂರಿನವರಿಗೆ ಶಿವಗಂಗೆ, ಇತರರಿಗೆ ತಮ್ಮ ಊರಿನ ಬೆಟ್ಟ ಸಾಕು. ಬೆಳಗಿನ ಜಾವದ ತಂಪಿನಲ್ಲಿ ಹತ್ತಿದರೆ, ಎಷ್ಟು ದೂರ ನಡೆದ ಮೇಲೆ ತಾವು ಬೆವರುತ್ತೀರಿ ಎಂಬುದು ತಿಳಿಯುತ್ತದೆ. ಪದರಗಳ ಬಳಕೆಗೆ ಈ ತಿಳಿವಳಿಕೆಯೇ ಮುಖ್ಯ.

6. ಸೀರೆ, ಪಂಚೆ ಧರಿಸುವವರ ಗಮನಕ್ಕೆ

ಅನೇಕ ಹಿರಿಯ ಯಾತ್ರಾರ್ಥಿಗಳು ಸೀರೆ ಅಥವಾ ಪಂಚೆಯನ್ನು ಬಿಟ್ಟು ಬೇರೆ ಉಡುಪು ಧರಿಸಿದವರಲ್ಲ. ಕ್ಷೇತ್ರಕ್ಕೆ ಹೋಗುವಾಗ ಪ್ಯಾಂಟು, ಜರ್ಕಿನ್ ಧರಿಸುವುದು ಸರಿಯೇ ಎಂಬ ಸಂಕೋಚವೂ ಹಲವರಲ್ಲಿ ಇರುತ್ತದೆ. ಈ ಬಗ್ಗೆ ಹಿಂಜರಿಯುವ ಕಾರಣವಿಲ್ಲ. ನಡಿಗೆಯ ಉಡುಪು ಬೇರೆ, ದರ್ಶನದ ಉಡುಪು ಬೇರೆ ಎಂದು ಭಾವಿಸಿ, ದರ್ಶನಕ್ಕೆ ಧರಿಸುವ ಸೀರೆ ಅಥವಾ ಪಂಚೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಣದಾಗಿ ಒಯ್ದು, ತಂಗುವ ಸ್ಥಳದಲ್ಲಿ ಬದಲಾಯಿಸಿಕೊಳ್ಳಬಹುದು.

ನೆಲಕ್ಕೆ ತಾಗುವ ಸೀರೆಯ ಅಂಚು ಮಳೆಯಲ್ಲಿಯೂ ಕರಗುವ ಹಿಮದಲ್ಲಿಯೂ ನೀರು ಹೀರಿ ಮೊಣಕಾಲಿನವರೆಗೆ ಏರಿಸುತ್ತದೆ. ಕಾಲಿಗೆ ತೊಡರಿ ಬೀಳುವ ಸಂಭವವೂ ಇದೆ. ಮಹಿಳೆಯರು ನಡಿಗೆಯಲ್ಲಿ ಥರ್ಮಲ್ ಮೇಲೆ ಪಾಲಿಯೆಸ್ಟರ್ ಚೂಡಿದಾರ್ ಅಥವಾ ಸಡಿಲ ಪ್ಯಾಂಟು ಧರಿಸುವುದು ಸೂಕ್ತ. ಸೀರೆಯನ್ನೇ ಉಡಲು ಬಯಸುವವರು ಹತ್ತಿ ಅಥವಾ ರೇಷ್ಮೆಯ ಬದಲು ಬೇಗ ಒಣಗುವ ಸಿಂಥೆಟಿಕ್ ಸೀರೆಯನ್ನು ಪಾದದಿಂದ ಮೇಲಕ್ಕೆ ಎತ್ತಿ ಉಟ್ಟು, ಒಳಗೆ ಥರ್ಮಲ್ ಪ್ಯಾಂಟು ಮತ್ತು ಉಣ್ಣೆಯ ಕಾಲುಚೀಲ ಧರಿಸಬೇಕು. ಮಳೆ ಬಂದಾಗ ಅದರ ಮೇಲೆಯೇ ಪಾಂಚೋ ಹಾಕಿಕೊಳ್ಳಬಹುದು. ಪಂಚೆ ಉಡುವ ಪುರುಷರಿಗೂ ಇದೇ ಸಲಹೆ. ಶಾಲು ಹೊದೆಯುವವರು ಅದನ್ನು ಜರ್ಕಿನ್‌ನ ಒಳಗೆ ಕತ್ತು ಮತ್ತು ಎದೆಗೆ ಸುತ್ತಿಕೊಂಡರೆ ಅದೂ ಒಂದು ನಡುಪದರವಾಗುತ್ತದೆ. ಹೊರಗೆ ಇಳಿಬಿಟ್ಟರೆ ಮಳೆಗೆ ತೊಯ್ಯುತ್ತದೆ.

7. ತಲೆ, ಕೈ ಮತ್ತು ಕಾಲು

ತಲೆ ಮತ್ತು ಕಿವಿಗೆ ಉಣ್ಣೆಯ ಟೋಪಿ ಅಥವಾ ಮಂಕಿ ಕ್ಯಾಪ್, ಕತ್ತಿಗೆ ಮಫ್ಲರ್ ಅವಶ್ಯ. ಟೋಪಿ ತೆಗೆಯುವುದು, ಹಾಕುವುದು ಜರ್ಕಿನ್ ತೆಗೆಯುವುದಕ್ಕಿಂತ ಸುಲಭವಾದುದರಿಂದ, ಸ್ವಲ್ಪ ಬಿಸಿ ಅಥವಾ ಚಳಿ ಎನಿಸಿದಾಗ ಮೊದಲು ಟೋಪಿಯಿಂದಲೇ ಸರಿಪಡಿಸಿಕೊಳ್ಳಬಹುದು. ಕೈಗವಸು ಎರಡು ಜೊತೆ ಇರಲಿ. ಒದ್ದೆಯಾದ ಉಣ್ಣೆಯ ಕೈಗವಸಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡರೂ ತಾತ್ಕಾಲಿಕವಾಗಿ ಗಾಳಿಯನ್ನು ತಡೆಯಬಹುದು.

ಕಾಲುಚೀಲ ಉಣ್ಣೆಯದು ಅಥವಾ ಸಿಂಥೆಟಿಕ್ ಆಗಿರಬೇಕು. ಕನಿಷ್ಠ ಮೂರು ಜೊತೆ ಒಯ್ಯಬೇಕು. ಬೂಟು ಜಾರದ ಅಟ್ಟೆಯದಾಗಿದ್ದು, ಹಿಂದೆ ಕೆಲವು ವಾರ ಧರಿಸಿ ಕಾಲಿಗೆ ಹೊಂದಿಕೊಂಡದ್ದಾಗಿರಬೇಕು. ಹೊಸ ಬೂಟನ್ನು ಯಾತ್ರೆಯ ದಿನ ಮೊದಲ ಬಾರಿ ಧರಿಸಬಾರದು. ಹಿಮದ ಮೇಲೆ ಬಿದ್ದ ಬಿಸಿಲು ಕಣ್ಣಿಗೆ ತೀವ್ರವಾಗಿ ಹೊಡೆಯುವುದರಿಂದ ತಂಪು ಕನ್ನಡಕವೂ ಇರಲಿ.

8. ನಡೆಯುವಾಗ ಪದರಗಳ ಬಳಕೆ

ಸರಿಯಾದ ಉಡುಪನ್ನು ಕೊಂಡರೆ ಅರ್ಧ ಕೆಲಸ ಮಾತ್ರ ಆದಂತೆ. ಅದನ್ನು ಸಕಾಲದಲ್ಲಿ ಹಾಕುವುದು ಮತ್ತು ತೆಗೆಯುವುದು ಉಳಿದರ್ಧ.

(1) ಗೌರಿಕುಂಡದಿಂದ ಹೊರಡುವಾಗ: ಬೆಳಿಗ್ಗೆ ಬೇಗ ಹೊರಡಬೇಕು. ಒಳಪದರ ಮತ್ತು ತೆಳು ಅಂಗಿ ಅಥವಾ ಫ್ಲೀಸ್ ಸಾಕು. ಹೊರಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಎನಿಸಿದರೆ ಅದು ಸರಿಯಾದ ಉಡುಪು. ಹೊರಡುವಾಗಲೇ ಬೆಚ್ಚಗಿದ್ದರೆ ಜಂಗಲ್ ಚಟ್ಟಿ ತಲುಪುವ ಮೊದಲೇ ಬೆವರು ಸುರಿಯುತ್ತದೆ.

(2) ಭೀಮಬಲಿಯವರೆಗೆ: ಮರಗಳ ನಡುವಿನ ದಾರಿ. ಬೆನ್ನಿನಲ್ಲಿ ಬೆವರು ಮೂಡುವ ಮೊದಲೇ ಜಿಪ್ಪು ತೆರೆಯಬೇಕು. ಆಮೇಲೂ ಬಿಸಿ ಎನಿಸಿದರೆ ಫ್ಲೀಸ್ ತೆಗೆಯಬೇಕು. ಬೆವರುವಷ್ಟು ವೇಗವಾಗಿ ನಡೆಯದಿರುವುದೂ ಒಂದು ಬಗೆಯ ರಕ್ಷಣೆಯೇ.

(3) ನಿಂತಾಗಲೆಲ್ಲ: ಚಹಾ ಅಂಗಡಿಯಲ್ಲಿ ಕುಳಿತ ಕೂಡಲೇ, ಚಳಿ ಎನಿಸುವ ಮೊದಲೇ, ನಡುಪದರವನ್ನು ಹಾಕಿಕೊಳ್ಳಬೇಕು. ಮತ್ತೆ ಹೊರಡುವಾಗ ತೆಗೆಯಬೇಕು. ಇದು ಬೇಸರದ ಕೆಲಸವೆನಿಸಬಹುದು, ಆದರೆ ಬಿಡಬಾರದು.

(4) ಲಿಂಚೋಲಿಯ ನಂತರ: ಆಯಾಸ, ಗಾಳಿ ಮತ್ತು ಮಧ್ಯಾಹ್ನದ ಮಳೆ ಇಲ್ಲಿ ಒಟ್ಟಿಗೆ ಸೇರುತ್ತವೆ. ಲಿಂಚೋಲಿಯಲ್ಲಿಯೇ ನಿಂತು ಹೊರಪದರ, ಟೋಪಿ, ಕೈಗವಸು ಧರಿಸಿ ಮುಂದುವರಿಯಬೇಕು. ಮೊದಲ ಹನಿ ಬಿದ್ದಾಗಲೇ ರೇನ್‌ಕೋಟ್ ಹಾಕಬೇಕು. ತೊಯ್ದ ಮೇಲೆ ಹಾಕಿದರೆ ತೇವವನ್ನು ಒಳಗೆ ಕೂಡಿಹಾಕಿದಂತಾಗುತ್ತದೆ.

(5) ಕೇದಾರ ತಲುಪಿದ ಕೂಡಲೇ: ಸರತಿ ಸಾಲಿನಲ್ಲಿ ನಿಲ್ಲುವ ಮೊದಲು ಒದ್ದೆಯಾದ ಒಳಪದರವನ್ನು ತೆಗೆದು, ಮೈ ಒರೆಸಿ, ಕಾಯ್ದಿಟ್ಟ ಒಣ ಜೊತೆಯನ್ನು ಧರಿಸತಕ್ಕದ್ದು. ಮೇಲೆ ಫ್ಲೀಸ್ ಮತ್ತು ದಪ್ಪ ಜರ್ಕಿನ್ ಧರಿಸಬೇಕು. ಬೆವರಿದ ಬಟ್ಟೆಯಲ್ಲಿಯೇ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವುದು ಅಪಾಯಕರ.

9. ಕುದುರೆ, ಡೋಲಿ ಮತ್ತು ಹೆಲಿಕಾಪ್ಟರ್ ಬಳಸುವವರು

ನಡೆಯುವವರ ಮೈ ಶಾಖವನ್ನು ಉತ್ಪಾದಿಸುತ್ತದೆ. ಕುದುರೆ ಅಥವಾ ಡೋಲಿಯಲ್ಲಿ ಅಲುಗಾಡದೆ ಕುಳಿತವರ ಮೈ ಅಷ್ಟು ಶಾಖವನ್ನು ಉತ್ಪಾದಿಸುವುದಿಲ್ಲ. ಆದುದರಿಂದ ಇವರು ನಡೆಯುವವರಿಗಿಂತ ಒಂದು ಪದರ ಹೆಚ್ಚು ಧರಿಸಬೇಕು. ಮೊಣಕಾಲು ಮತ್ತು ಪಾದಗಳನ್ನು ಜಲನಿರೋಧಕ ಹೊದಿಕೆಯಿಂದ ಮುಚ್ಚಬೇಕು. ಡೋಲಿಯಲ್ಲಿ ಕುಳಿತ ಹಿರಿಯರನ್ನು ಜೊತೆಗಾರರು ಆಗಾಗ ಮಾತನಾಡಿಸುತ್ತಿರಬೇಕು. ಹೆಲಿಕಾಪ್ಟರ್‌ನಲ್ಲಿ ಹೋಗುವವರು ಕೆಲವೇ ನಿಮಿಷಗಳಲ್ಲಿ ಎತ್ತರಕ್ಕೆ ತಲುಪುವುದರಿಂದ ಎಲ್ಲ ಪದರಗಳನ್ನೂ ಮೊದಲೇ ಧರಿಸಿರಬೇಕು. ಹವಾಮಾನ ಕೆಟ್ಟರೆ ಅದೇ ದಿನ ಹಿಂದಿರುಗಲು ಆಗದಿರಬಹುದು. ಆದುದರಿಂದ ರಾತ್ರಿಯ ಉಡುಪನ್ನೂ ಒಯ್ಯಬೇಕು.

10. ಆರೋಗ್ಯದ ಎಚ್ಚರಿಕೆ

2022ರ ಯಾತ್ರಾ ಋತುವಿನಲ್ಲಿ ನಾಲ್ಕು ಧಾಮಗಳಲ್ಲಿ ಒಟ್ಟಾರೆ ನೂರಕ್ಕೂ ಹೆಚ್ಚು ಯಾತ್ರಾರ್ಥಿಗಳು ಅನಾರೋಗ್ಯದಿಂದ ಮೃತಪಟ್ಟಿದ್ದು, ಅವುಗಳಲ್ಲಿ ಹೃದಯಾಘಾತದ ಪ್ರಕರಣಗಳೇ ಹೆಚ್ಚಾಗಿದ್ದವು. ಕೇದಾರದ ಎತ್ತರದಲ್ಲಿ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಮೂರನೇ ಎರಡು ಭಾಗ ಮಾತ್ರ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಹೃದ್ರೋಗ, ರಕ್ತದೊತ್ತಡ, ಉಬ್ಬಸ, ಮಧುಮೇಹ ಇರುವವರು ಹೊರಡುವ ಮೊದಲು ವೈದ್ಯರ ಸಲಹೆ ಪಡೆಯತಕ್ಕದ್ದು. ಅಂಥವರಿಗೆ ಮೈಯನ್ನು ಒಣದಾಗಿ, ಬೆಚ್ಚಗೆ ಇಟ್ಟುಕೊಳ್ಳುವುದು ಔಷಧಿಯಷ್ಟೇ ಮುಖ್ಯ.

ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ತಡೆಯಲಾಗದ ನಡುಕ, ತೊದಲು ಮಾತು, ತೂರಾಡುವ ನಡಿಗೆ, ಗುಂಡಿ ಹಾಕಲೂ ಬಾರದ ಬೆರಳು, ಗೊಂದಲ ಇದರ ಲಕ್ಷಣಗಳು. ಮೈ ತಣ್ಣಗಿದ್ದೂ ನಡುಕ ನಿಂತರೆ ಅದು ಚೇತರಿಕೆಯಲ್ಲ, ಸ್ಥಿತಿ ಗಂಭೀರವಾಗಿದೆ ಎಂದು ಅರ್ಥ. ಅಂಥವರನ್ನು ಒಂಟಿಯಾಗಿ ಬಿಡದೆ ಕೆಳಗಿನಂತೆ ಉಪಚರಿಸಬೇಕು.

(ಅ) ಗಾಳಿ, ಮಳೆ ತಾಗದ ಸ್ಥಳಕ್ಕೆ ಕರೆದೊಯ್ಯಬೇಕು.
(ಆ) ಒದ್ದೆ ಬಟ್ಟೆಯನ್ನೆಲ್ಲ ತೆಗೆದು ಒಣ ಬಟ್ಟೆ, ಕಂಬಳಿ ಹೊದಿಸಬೇಕು. ಕೆಳಗೂ ಹಾಸಬೇಕು.
(ಇ) ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಬೇಕು. ಮದ್ಯ ಕೊಡಬಾರದು.
(ಈ) ಕೈಕಾಲುಗಳನ್ನು ತಿಕ್ಕಬಾರದು, ಬೆಂಕಿಯ ಹತ್ತಿರ ಹಿಡಿಯಬಾರದು.
(ಉ) ಹತ್ತಿರದ ವೈದ್ಯಕೀಯ ಶಿಬಿರಕ್ಕೆ ತಿಳಿಸಬೇಕು ಅಥವಾ 112 ಇಲ್ಲವೇ 108ಕ್ಕೆ ಕರೆ ಮಾಡಬೇಕು.

ತಲೆನೋವು, ವಾಕರಿಕೆ, ತಲೆಸುತ್ತು ಎತ್ತರದ ಕಾಯಿಲೆಯ ಲಕ್ಷಣಗಳಾಗಿರಬಹುದು. ಇವು ಉಡುಪಿನಿಂದ ಗುಣವಾಗುವುದಿಲ್ಲ. ಲಕ್ಷಣ ಹೆಚ್ಚಾದರೆ ದರ್ಶನ ಬಾಕಿ ಇದ್ದರೂ ಕೆಳಗೆ ಇಳಿಯುವುದೇ ಚಿಕಿತ್ಸೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಉಡುಪುಗಳನ್ನು ಅಲ್ಲಿಯೇ ಕೊಳ್ಳಬಹುದೇ?
ಉತ್ತರ: ದಾರಿಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ರೇನ್‌ಕೋಟ್, ಟೋಪಿ, ಕೈಗವಸು ಮತ್ತು ಊರುಗೋಲು ದೊರೆಯುತ್ತವೆ. ಒಳಪದರ, ನಡುಪದರ ಮತ್ತು ಬೂಟುಗಳನ್ನು ಊರಿನಲ್ಲಿಯೇ ಕೊಂಡು ಧರಿಸಿ ಅಭ್ಯಾಸ ಮಾಡಿಕೊಳ್ಳಬೇಕು.

ಪ್ರಶ್ನೆ: ಎಲ್ಲವನ್ನೂ ಹೊಸದಾಗಿ ಕೊಳ್ಳುವ ಶಕ್ತಿ ಇಲ್ಲ. ಯಾವುದಕ್ಕೆ ಆದ್ಯತೆ ನೀಡಬೇಕು?
ಉತ್ತರ: ಮೊದಲು ಒಳ್ಳೆಯ ರೇನ್‌ಕೋಟ್, ನಂತರ ಹತ್ತಿಯಲ್ಲದ ಒಳಪದರದ ಎರಡು ಜೊತೆ. ನಡುಪದರಕ್ಕೆ ಮನೆಯ ಸ್ವೆಟರ್ ಮತ್ತು ಶಾಲು ಸಾಕು. ದಪ್ಪ ಜರ್ಕಿನ್ ಅನ್ನು ಬಂಧುಮಿತ್ರರಿಂದ ಎರವಲು ಅಥವಾ ಚಾರಣ ಸಾಮಗ್ರಿ ಅಂಗಡಿಗಳಿಂದ ಬಾಡಿಗೆಗೆ ಪಡೆಯಬಹುದು.

ಪ್ರಶ್ನೆ: ಜೀನ್ಸ್ ಪ್ಯಾಂಟು ದಪ್ಪವಾಗಿದೆ. ಅದನ್ನು ಧರಿಸಬಹುದೇ?
ಉತ್ತರ: ಧರಿಸಬಾರದು. ಜೀನ್ಸ್ ಕೂಡ ಹತ್ತಿಯೇ. ಒದ್ದೆಯಾದರೆ ಭಾರವಾಗುತ್ತದೆ, ತಣ್ಣಗಾಗುತ್ತದೆ ಮತ್ತು ಒಂದು ದಿನದಲ್ಲಿ ಒಣಗುವುದಿಲ್ಲ.

ಪ್ರಶ್ನೆ: ದಾಖಲೆಗಳನ್ನು ಹೇಗೆ ಕಾಪಾಡಬೇಕು?
ಉತ್ತರ: ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿ ಕಡ್ಡಾಯ. ನೋಂದಣಿ ಪತ್ರ, ಗುರುತಿನ ಚೀಟಿ, ಪ್ರಯಾಣದ ಟಿಕೆಟ್ ಮತ್ತು ರಸೀದಿಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು, ನಡುಪದರದ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ಹೊರಜೇಬಿನಲ್ಲಿ ಇಡಬಾರದು.

12. ಒಬ್ಬ ಯಾತ್ರಾರ್ಥಿಯ ಉಡುಪಿನ ಪಟ್ಟಿ

ಥರ್ಮಲ್ ಅಂಗಿ ಮತ್ತು ಪ್ಯಾಂಟು: 2 ಜೊತೆ
ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್: 1
ದಪ್ಪ ಜರ್ಕಿನ್: 1
ಜಲನಿರೋಧಕ ರೇನ್‌ಕೋಟ್ ಮತ್ತು ಪ್ಯಾಂಟು: 1 ಜೊತೆ
ನಡಿಗೆಯ ಸಿಂಥೆಟಿಕ್ ಪ್ಯಾಂಟು ಅಥವಾ ಚೂಡಿದಾರ್: 2
ದರ್ಶನದ ಉಡುಪು: 1
ಉಣ್ಣೆಯ ಟೋಪಿ ಮತ್ತು ಮಫ್ಲರ್: ತಲಾ 1
ಕೈಗವಸು: 2 ಜೊತೆ
ಕಾಲುಚೀಲ: 3 ಜೊತೆ
ತೆಳು ಟವೆಲ್: 1
ಬಟ್ಟೆಗಳನ್ನು ಕಟ್ಟಿಡಲು ಗಟ್ಟಿ ಪ್ಲಾಸ್ಟಿಕ್ ಚೀಲ: 4

ಮಾರ್ಗದಲ್ಲಿ ಪ್ಲಾಸ್ಟಿಕ್ ಚೀಲ, ಹರಿದ ರೇನ್‌ಕೋಟ್‌ಗಳನ್ನು ಎಸೆಯದೆ ಹಿಂದಕ್ಕೆ ತರುವಂತೆ ಕೋರಲಾಗಿದೆ.

ಸೂಚನೆ: ಮೇಲ್ಕಂಡ ಮಾಹಿತಿಯು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಹೊರಡುವ ಮೊದಲು ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಉತ್ತರಾಖಂಡ ಸರ್ಕಾರದ ಪ್ರಕಟಣೆಗಳನ್ನೂ ಗಮನಿಸಿ, ಸ್ಥಳೀಯ ಆಡಳಿತದ ಸೂಚನೆಗಳನ್ನು ಪಾಲಿಸತಕ್ಕದ್ದು. ಯಾತ್ರಾರ್ಥಿಗಳೆಲ್ಲರೂ ದರ್ಶನ ಪಡೆದು ಸುರಕ್ಷಿತವಾಗಿ ತಮ್ಮ ಊರುಗಳಿಗೆ ಮರಳಲಿ ಎಂಬುದೇ ಇಲಾಖೆಯ ಹಾರೈಕೆ.